ಚಪಲ್ ನೋಡಲು ಬಂದವರು ರಾತ್ರಿ ಎಲ್ಲಿ ಮಲಗಬೇಕು?

ಶನಿವಾರ ಮಧ್ಯಾಹ್ನ ಮೂರು ಗಂಟೆ. ಹುಬ್ಬಳ್ಳಿ ಬಸ್ಸು ಅರಬೈಲು ಘಟ್ಟ ಇಳಿದು, ಅಂಕೋಲೆ ದಾಟಿ, ಕಾರವಾರ ನಿಲ್ದಾಣಕ್ಕೆ ಬಂದು ನಿಂತಿತು ಅಂತ ಇಟ್ಟುಕೊಳ್ಳಿ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೊಬ್ಬರು ಅಜ್ಜಿ ಇಳಿದರು. ಘಟ್ಟದ ತಿರುವುಗಳಲ್ಲಿ ಅಜ್ಜಿಗೆ ತಲೆ ಸುತ್ತಿದೆ. ಮಕ್ಕಳಿಗೆ ಮಾತ್ರ ಒಂದೇ ಜಪ: "ಅಪ್ಪಾ, ಹಡಗ ಎಲ್ಲೈತಿ?"

ಹಡಗು ಸಿಕ್ಕಿತು. ಟಾಗೋರ್ ಕಡಲ ತೀರದಲ್ಲಿ ಬೂದು ಬಣ್ಣದ 'ಚಪಲ್' ನಿಂತೇ ಇದೆ. ಮಕ್ಕಳು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಕ್ಷಿಪಣಿ ಪೆಟ್ಟಿಗೆ ತೋರಿಸಿ ಅಪ್ಪನಿಗೇ ಪಾಠ ಹೇಳಿದರು. ಸೂರ್ಯ ಮುಳುಗಿದ. ಅಲ್ಲಿಯವರೆಗೆ ಎಲ್ಲವೂ ಸುಖ.

ಆಮೇಲೆ ಶುರು ಆಯಿತು ನೋಡಿ, ಇನ್ನೊಂದು ಯಾತ್ರೆ.

"ರೂಮ್ ಐತೇನ್ರಿ?"

"ಎಷ್ಟು ಜನ?"

"ಐದು ಮಂದಿರಿ. ಎರಡು ಸಣ್ಣ ಹುಡುಗ್ರು."

ಗಲ್ಲಾದ ಮೇಲಿದ್ದವನು ಅವರ ಚೀಲ ನೋಡಿದ, ಚಪ್ಪಲಿ ನೋಡಿದ, ಆಮೇಲೆ ಒಂದು ದರ ಹೇಳಿದ.

"ದರದ ಬೋರ್ಡ್ ಎಲ್ಲೈತ್ರಿ?"

"ಬೋರ್ಡ್ ಗೀರ್ಡ್ ಇಲ್ಲ. ಇವತ್ತು ಶನಿವಾರ. ಬೇಕಾದ್ರೆ ತಗೊಳ್ಳಿ."

ಎರಡನೆಯ ಕಡೆ ಎಸಿ ರೂಮು ಮಾತ್ರ ಉಳಿದಿತ್ತು. ಮೂರನೆಯ ಕಡೆ ಐದು ಜನರಿಗೆ ಎರಡು ರೂಮು ಹಿಡಿಯಲೇಬೇಕು ಎಂಬ ಹಟ. ನಾಲ್ಕನೆಯ ಕಡೆಗೆ ನಡೆಯಲು ಅಜ್ಜಿಗೆ ಕಾಲಿಲ್ಲ. ಕೊನೆಗೆ ರಾತ್ರಿ ಬಸ್ಸು ಹಿಡಿದು, ಮಲಗಿದ ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಅದೇ ಘಟ್ಟ ಹತ್ತಿದರು.

ಆ ಕುಟುಂಬಕ್ಕೆ ಹೆಸರಿಲ್ಲ, ಆ ಲಾಡ್ಜುಗಳಿಗೂ ಹೆಸರಿಲ್ಲ. ಕಡಲ ತೀರದ ಯಾವ ಊರಿನಲ್ಲಾದರೂ ರಜೆ ದಿನ ನಡೆಯಬಹುದಾದ ಪ್ರಸಂಗ ಇದು. ಆದರೆ ಕಾರವಾರದಂಥ ಊರಿನಲ್ಲಿ ಇದು ನಡೆಯಬಾರದು. ಇಷ್ಟು ದೊಡ್ಡ ಹಡಗನ್ನು ತಂದು ದಡದಲ್ಲಿ ಕೂರಿಸಿ, ಬನ್ನಿ ನೋಡಿ ಅಂತ ಕರೆದ ಮೇಲೆ, ಬಂದವರಿಗೆ ಚಾಪೆ ಹಾಸುವ ಹೊಣೆಯೂ ಊರಿನದೇ. ಊಟಕ್ಕೆ ಕರೆದು ಎಲೆ ಹಾಕದಿದ್ದರೆ ಅದನ್ನು ಆಮಂತ್ರಣ ಅನ್ನುತ್ತಾರೆಯೇ?

ಅಣ್ಣಂದಿರ ಕೀರ್ತಿ, ತಮ್ಮನ ಕೊರಳಿಗೆ

ಮೊದಲು ಹಡಗಿನ ವಿಚಾರ. ಚಪಲ್ ಎಂದರೆ ಸಂಸ್ಕೃತದಲ್ಲಿ ಚುರುಕಾದದ್ದು. ಕನ್ನಡದಲ್ಲಿ ಚಪಲ ಅಂದರೆ ಅರ್ಥ ಬೇರೆಯೇ, ಅದು ಬಿಡಿ. ಸೋವಿಯತ್ ರಷ್ಯಾದಲ್ಲಿ ಕಟ್ಟಿದ ಕ್ಷಿಪಣಿ ದೋಣಿ ಇದು. ಉದ್ದ ಮೂವತ್ತೆಂಟು ಮೀಟರಿಗೂ ಸ್ವಲ್ಪ ಹೆಚ್ಚು. ಮೈಮೇಲೆ ನಾಲ್ಕು ಕ್ಷಿಪಣಿ ಪೆಟ್ಟಿಗೆ. 1976ರ ನವೆಂಬರ್ 4ರಂದು ಭಾರತೀಯ ನೌಕಾಪಡೆಗೆ ಸೇರಿತು. 2005ರ ಮೇ 5ರಂದು ನಿವೃತ್ತಿ ಪಡೆಯಿತು. ಮರುವರ್ಷ, 2006ರ ನವೆಂಬರ್‌ನಲ್ಲಿ, ಕಾರವಾರದ ಮರಳಿನ ಮೇಲೆ ವಸ್ತು ಸಂಗ್ರಹಾಲಯವಾಗಿ ಜನರಿಗೆ ತೆರೆದುಕೊಂಡಿತು.

ಈ ಇಸವಿಗಳನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಯಾಕೆಂದರೆ ತೀರದಲ್ಲಿ ನಿಂತು ಮಕ್ಕಳಿಗೆ ಕಥೆ ಹೇಳುವವರು, ಪ್ರವಾಸದ ಬರಹ ಬರೆಯುವವರು ಎಷ್ಟೋ ಸಲ ಒಂದು ಮಾತು ಸೇರಿಸುತ್ತಾರೆ: "1971ರಲ್ಲಿ ಕರಾಚಿ ಬಂದರಿಗೆ ಬೆಂಕಿ ಹಚ್ಚಿದ್ದು ಇದೇ ಹಡಗು." ಕೇಳಲು ರೋಮಾಂಚನ. ಆದರೆ 1976ರಲ್ಲಿ ಸೇವೆಗೆ ಬಂದ ಹಡಗು 1971ರಲ್ಲಿ ಯುದ್ಧ ಮಾಡುವುದು ಹೇಗೆ? ಹುಟ್ಟುವ ಮೊದಲೇ ಕುಸ್ತಿ ಗೆದ್ದ ಪೈಲ್ವಾನನ ಕಥೆಯಾಯಿತು!

ನಿಜ ಸಂಗತಿ ಸುಳ್ಳಿಗಿಂತ ಏನೂ ಕಡಿಮೆಯಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನುಗ್ಗಿದ್ದು ಇದೇ ಜಾತಿಯ ಮೂರು ಹಿರಿಯ ದೋಣಿಗಳು: ನಿಪಾತ್, ನಿರ್ಘಾತ್ ಮತ್ತು ವೀರ್. ಸಣ್ಣ ದೋಣಿಗಳು ದೂರ ಹೋಗಲಾರವು, ಎಣ್ಣೆ ಸಾಲದು ಎಂದೇ ಶತ್ರು ನಂಬಿದ್ದ. ಅವು ದೊಡ್ಡ ಹಡಗುಗಳ ಬೆಂಗಾವಲಿನಲ್ಲಿ ಹೋಗಿ, ಪಾಕಿಸ್ತಾನದ ಖೈಬರ್ ಎಂಬ ಯುದ್ಧನೌಕೆಯನ್ನು ಮುಳುಗಿಸಿ ಬಂದವು. ನಾಲ್ಕು ದಿನ ಕಳೆದು ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿಯ ಎಣ್ಣೆ ಟ್ಯಾಂಕುಗಳಿಗೆ ಮತ್ತೆ ಬೆಂಕಿ ಇಟ್ಟಿತು. ಪ್ರತಿ ವರ್ಷ ಡಿಸೆಂಬರ್ 4ನ್ನು ನೌಕಾ ದಿನ ಎಂದು ಆಚರಿಸುವುದು ಆ ರಾತ್ರಿಯ ನೆನಪಿಗೇ.

ಆ ಅಣ್ಣಂದಿರ ಗೆಲುವು ನೋಡಿದ ಮೇಲೆ ತರಿಸಿಕೊಂಡ ಹೊಸ ದೋಣಿಗಳಲ್ಲಿ ಒಂದು ಚಪಲ್. ಪ್ರಚಂಡ್, ಪ್ರಲಯ, ಚಮಕ್, ಚಾತಕ್ ಇವು ಅದರ ಜೊತೆಗಾರರು. ಇಪ್ಪತ್ತೆಂಟು ವರ್ಷ ಪಶ್ಚಿಮದ ಕಡಲು ಕಾದಿದೆ. ಒಂದು ಹಡಗಿಗೆ ಅಷ್ಟು ಮರ್ಯಾದೆ ಸಾಲದೇ? ಅಣ್ಣನ ಪದಕ ತಂದು ತಮ್ಮನ ಕೊರಳಿಗೆ ಹಾಕಿದರೆ ತಮ್ಮನ ನಿಜವಾದ ದುಡಿಮೆಯೇ ಮರೆತುಹೋಗುತ್ತದೆ. ಮುಂದೆ ಯಾವುದೋ ಶಾಲೆಯ ಹುಡುಗ ಇಸವಿ ಲೆಕ್ಕ ಹಾಕಿ "ಸುಳ್ಳು ಹೇಳಿದ್ರು" ಅಂದಾಗ ನಾಚಿಕೆ ಊರಿಗೇ.

ಈಗಂತೂ ಚಪಲ್ ಒಂಟಿಯಲ್ಲ. ಸಮುದ್ರದ ಮೇಲೆ ಹಾರಾಡುತ್ತ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಟುಪೊಲೆವ್ ಟಿಯು-142 ಜಾತಿಯ ವಿಮಾನವೊಂದು ಪಕ್ಕಕ್ಕೆ ಬಂದಿದೆ. ಈ ಜಾತಿಯ ವಿಮಾನಗಳು 1988ರಿಂದ 2017ರವರೆಗೆ ಸೇವೆ ಮಾಡಿದವು. ಇಲ್ಲಿಯದನ್ನು ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಬಿಡಿಯಾಗಿ ಲಾರಿಯ ಮೇಲೆ ತಂದು ಜೋಡಿಸಿದ್ದಾರೆ. ಹಡಗು, ವಿಮಾನ, ಕಡಲು, ಮುಳುಗುವ ಸೂರ್ಯ, ಮರುದಿನ ಬೆಳಗ್ಗೆ ಮೀನುಪೇಟೆ, ಕಾಳಿ ಸೇರುವ ಜಾಗ, ಸದಾಶಿವಗಡದ ಕೋಟೆ. ಇಷ್ಟನ್ನು ಒಂದು ಗಂಟೆಯಲ್ಲಿ ನೋಡಿ ಮುಗಿಸಲು ಸಾಧ್ಯವೇ? ಒಂದು ರಾತ್ರಿ ಬೇಕೇ ಬೇಕು.

ಜಡ್ಜ್ ಸಾಹೇಬರ ತಮ್ಮನಿಗೆ ಮನೆಯಿತ್ತು

ಕಡಲ ತೀರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಟಾಗೋರರನ್ನೇ ತೆಗೆದುಕೊಳ್ಳಿ. ಇಪ್ಪತ್ತೆರಡು ವರ್ಷದ ಯುವಕರಾಗಿ ಕಾರವಾರಕ್ಕೆ ಬಂದು ಉಳಿದರು. ಇಲ್ಲಿದ್ದಾಗಲೇ 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಅವರಿಗೆ ಲಾಡ್ಜಿನ ಚಿಂತೆ ಇರಲಿಲ್ಲ. ಅಣ್ಣ ಸತ್ಯೇಂದ್ರನಾಥ ಟಾಗೋರರು ಆಗ ಇಲ್ಲಿಯ ಜಿಲ್ಲಾ ನ್ಯಾಯಾಧೀಶರು. ತಮ್ಮನಿಗೆ ಮನೆ, ಊಟ, ಹಾಸಿಗೆ ಎಲ್ಲವೂ ಸಿದ್ಧ. ಸಂಜೆ ಬಂದು ಸಂಜೆಯೇ ಬಸ್ಸು ಹತ್ತಿ ಹೋಗಿದ್ದರೆ ಆ ನಾಟಕ ಹುಟ್ಟುತ್ತಿತ್ತೇ?

ಪಾಪ, ಗದಗದಿಂದ, ಹಾವೇರಿಯಿಂದ, ಶಿವಮೊಗ್ಗದಿಂದ ಬರುವ ಎಲ್ಲರಿಗೂ ಕಾರವಾರದಲ್ಲಿ ಜಡ್ಜ್ ಸಾಹೇಬರಾದ ಅಣ್ಣ ಇರಬೇಕಲ್ಲ!

ಬರುವವರ ಸ್ವರೂಪವೂ ಬದಲಾಗಿದೆ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮನೆಯಿಂದ ಹೊರಬೀಳದಿದ್ದ ಅಕ್ಕಂದಿರು, ಅಜ್ಜಿಯರು ಗುಂಪು ಕಟ್ಟಿಕೊಂಡು ಸಮುದ್ರ ನೋಡಲು ಹೊರಟಿದ್ದಾರೆ. ಬಸ್ಸಿಗೆ ಉಳಿದ ದುಡ್ಡನ್ನು ಊಟಕ್ಕೆ, ರೂಮಿಗೆ ಖರ್ಚು ಮಾಡಲು ಅವರು ತಯಾರಿದ್ದಾರೆ. ಸಾವಿರಗಟ್ಟಲೆ ಬಾಡಿಗೆಯ ರೆಸಾರ್ಟು ಅವರಿಗೆ ಬೇಡ. ಚಿಲಕ ಸರಿಯಿರುವ ಬಾಗಿಲು, ನೀರು ಬರುವ ನಲ್ಲಿ, ಒಗೆದ ಚಾದರ, ಹೇಳಿದಷ್ಟೇ ದರ. ಇಷ್ಟೇ ಬೇಕು.

ಇಂಥವರಿಗೆ ಈಗಿರುವ ದಾರಿ ಯಾವುದು? ಬಸ್ ನಿಲ್ದಾಣ ಮತ್ತು ಪೇಟೆಯ ಸುತ್ತಮುತ್ತ ಲಾಡ್ಜುಗಳಿವೆ. ಹಡಗು ನೋಡುವವರಿಗೆ ಇದೇ ಅನುಕೂಲ, ತೀರಕ್ಕೆ ನಡೆದೇ ಹೋಗಬಹುದು. ಕೋಡಿಬಾಗ, ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಇನ್ನೂ ಮುಂದೆ ಮಾಜಾಳಿ ಕಡೆಗೂ ಉಳಿಯುವ ಜಾಗಗಳಿವೆ. ಆದರೆ ರಾತ್ರಿ ಹೊತ್ತು ಬಸ್ಸು ನಂಬಿ ಬಂದವರಿಗೆ ಆ ಕಡೆ ಆಟೋ ಖರ್ಚು ಸೇರುತ್ತದೆ. ದೇವಬಾಗದಲ್ಲಿ ಸರ್ಕಾರದ್ದೇ ಜಂಗಲ್ ಲಾಡ್ಜಸ್ ಸಂಸ್ಥೆಯ ತಾಣವಿದೆ. ಜಾಗ ಚೆಂದ, ಆದರೆ ಬಸ್ಸಿನ ಪ್ರಯಾಣಿಕರ ಜೇಬಿಗೆ ಅದು ದೂರ. ರೈಲಿನಲ್ಲಿ ಬರುವವರು ಇಳಿಯುವುದು ಊರಿನ ಹೊರಗೆ ಶಿರವಾಡದಲ್ಲಿ. ಅಲ್ಲಿಂದ ತೀರಕ್ಕೆ ಬರುವುದೇ ಮೊದಲ ಚೌಕಾಶಿ.

ದಾರಿ ಕಾಣದವರು ಏನು ಮಾಡುತ್ತಾರೆ? ದಕ್ಷಿಣಕ್ಕೆ ಗೋಕರ್ಣ ಸುಮಾರು ಅರವತ್ತು ಕಿಲೋಮೀಟರ್. ಉತ್ತರಕ್ಕೆ ಗೋವಾ ಗಡಿ ಕೂಗಳತೆಯಲ್ಲೇ ಇದೆ. ಹಡಗು ಕಾರವಾರದಲ್ಲಿ ನೋಡಿ, ದುಡ್ಡು ಗೋಕರ್ಣದಲ್ಲೋ ಗೋವಾದಲ್ಲೋ ಬಿಚ್ಚುತ್ತಾರೆ.

ಅಂಗಡಿಯವರ ಲೆಕ್ಕ

ಇದು ಲಾಡ್ಜಿನವರ ತಲೆನೋವು, ತಮಗೇನು ಎಂದು ಪೇಟೆಯ ವ್ಯಾಪಾರಸ್ಥರು ಕೈಕಟ್ಟಿ ಕೂರುವಂತಿಲ್ಲ. ಐದು ಜನರ ಕುಟುಂಬ ಒಂದು ಗಂಟೆ ನಿಂತರೆ ಆಗುವ ವ್ಯಾಪಾರ ಏನು? ಮೂರು ಚಹಾ, ಎರಡು ಚುರುಮುರಿ, ಒಂದು ನೀರಿನ ಬಾಟಲಿ. ಅದೇ ಕುಟುಂಬ ರಾತ್ರಿ ಉಳಿದರೆ? ಐದು ಊಟ, ಬೆಳಗ್ಗೆ ಐದು ನಾಷ್ಟಾ. ಅಜ್ಜಿಗೆ ಔಷಧಿ ಅಂಗಡಿಯಿಂದ ಮಾತ್ರೆ, ಮಗುವಿಗೆ ಹೊಸ ಚಪ್ಪಲಿ, ಮನೆಗೆ ಒಯ್ಯಲು ಗೋಡಂಬಿ, ಕೋಕಮ್, ಒಣಮೀನು. ಎರಡು ಸಲ ಆಟೋ. ರೂಮಿನ ಬಾಡಿಗೆ ಬೇರೆ. ಒಂದು ರಾತ್ರಿಯ ಗಿರಾಕಿ ಹತ್ತು ಅಂಗಡಿಗೆ ಗಿರಾಕಿ. ಒಂದು ಲಾಡ್ಜಿನ ಗಲ್ಲಾದಲ್ಲಿ ಸಿಟ್ಟು ಮಾಡಿಕೊಂಡು ಹೋದವನು ಆ ಹತ್ತು ಅಂಗಡಿಯ ಮುಂದಿನಿಂದಲೂ ಹೋದ ಹಾಗೆ.

ಲಾಡ್ಜ್ ಮಾಲೀಕರ ಮಾತಿನಲ್ಲೂ ಹುರುಳಿಲ್ಲದೆ ಇಲ್ಲ. ಮಳೆಗಾಲ ನಾಲ್ಕು ತಿಂಗಳು ಕಡಲು ಕೆರಳಿರುತ್ತದೆ, ಪ್ರವಾಸಿಗರು ಬರುವುದಿಲ್ಲ, ಆಳುಗಳ ಸಂಬಳ ನಿಲ್ಲುವುದಿಲ್ಲ. ಉಪ್ಪುಗಾಳಿಗೆ ವರ್ಷಕ್ಕೊಮ್ಮೆ ಬಣ್ಣ, ಕೀಲು, ನಲ್ಲಿ ಎಲ್ಲಾ ಬದಲಿಸಬೇಕು. "ಸೀಸನ್‌ನಲ್ಲಿ ನಾಲ್ಕು ಕಾಸು ಹೆಚ್ಚು ತಗೊಂಡ್ರೆ ತಪ್ಪೇನು?" ಅಂತ ಕೇಳುತ್ತಾರೆ. ತಪ್ಪಿಲ್ಲ. ಹೆಚ್ಚು ತಗೊಳ್ಳಿ, ಆದರೆ ಬರೆದು ಹಾಕಿ ತಗೊಳ್ಳಿ. ಶನಿವಾರಕ್ಕೆ ಇಷ್ಟು, ಸೋಮವಾರಕ್ಕೆ ಇಷ್ಟು, ಹೆಚ್ಚುವರಿ ಹಾಸಿಗೆಗೆ ಇಷ್ಟು ಎಂದು ಬೋರ್ಡಿನಲ್ಲಿದ್ದರೆ ಯಾರೂ ಜಗಳ ಆಡುವುದಿಲ್ಲ. ಗಿರಾಕಿಯ ಚಪ್ಪಲಿ ನೋಡಿ ದರ ಕಟ್ಟುವುದೇ ಜಗಳದ ಮೂಲ.

ತೆರಿಗೆಯ ನೆಪವೂ ಈಗ ತೆಳುವಾಗಿದೆ. ಸಾವಿರ ರೂಪಾಯಿಯೊಳಗಿನ ರೂಮಿಗೆ ಮೊದಲು ಜಿಎಸ್‌ಟಿ ಇರಲಿಲ್ಲ. 2022ರ ಜುಲೈ 18ರಿಂದ ಶೇಕಡಾ 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಅದು ಶೇಕಡಾ 5ಕ್ಕೆ ಇಳಿದಿದೆ. ಏರಿದ ದಿನ ಬಿಲ್ಲಿಗೆ ಏರಿಸಿದವರು ಇಳಿದ ದಿನ ಇಳಿಸಬೇಕಲ್ಲವೇ?

ಕೊಟ್ಟವರಿಗೆ ಸಿಕ್ಕಿದ್ದೇನು?

ಈ ಹಡಗು ಕಾರವಾರಕ್ಕೆ ಯಾರೋ ದಾನ ಕೊಟ್ಟದ್ದು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅದಕ್ಕಾಗಿ ಕಾರವಾರ, ಅಂಕೋಲೆ ತಾಲೂಕುಗಳ ಕಡಲಂಚಿನ ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ತೋಟ, ಬಲೆ ಎಳೆಯುವ ದಡ ಬಿಟ್ಟು ಎದ್ದವು. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದವು. ಚಪಲ್ ನಿವೃತ್ತಿಯಾದ ಅದೇ ಮೇ ತಿಂಗಳ 31ರಂದು, 2005ರಲ್ಲಿ, ಕದಂಬ ನೌಕಾನೆಲೆ ಉದ್ಘಾಟನೆಯಾಯಿತು. ವಿಕ್ರಮಾದಿತ್ಯದಂಥ ವಿಮಾನವಾಹಕ ಹಡಗು ಈ ದಡಕ್ಕೇ ಬಂದು ನಿಂತಿತು. ಆದರೆ ಬೇಲಿಯ ಆಚೆ. ಈಚೆಗೆ ಸಾಮಾನ್ಯ ಜನ ಮುಟ್ಟಿ ನೋಡಲು ಸಿಕ್ಕಿದ್ದು ಈ ಚಪಲ್.

ಕಾಳಿ ನದಿಯ ಅಣೆಕಟ್ಟು, ಕೈಗಾ, ಸೀಬರ್ಡ್ ಎಂದು ಒಂದಾದ ಮೇಲೊಂದು ಜಾಗ ಕೊಟ್ಟ ಜಿಲ್ಲೆ ಇದು. ಹಾಗಾಗಿ ಹಡಗಿನ ಹೆಸರಲ್ಲಿ ಬರುವ ನಾಲ್ಕು ಕಾಸು ಮೊದಲು ಯಾರ ಮನೆ ಸೇರಬೇಕು? ದಡ ಕಳೆದುಕೊಂಡವರ ಮನೆ. ನಿರಾಶ್ರಿತ ಕುಟುಂಬಗಳಿಗೆ, ಮೀನುಗಾರರಿಗೆ ಮನೆಯಲ್ಲೇ ಎರಡು ಕೋಣೆ ಹೋಂ ಸ್ಟೇ ಮಾಡಿಕೊಳ್ಳಲು ಅನುಮತಿ, ಸಾಲ, ತರಬೇತಿ ಕೊಡುವುದರಲ್ಲಿ ಆದ್ಯತೆ ಸಿಗಲಿ. ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಉಂಡು ಮಲಗಿದ ಅತಿಥಿ ಮುಂದಿನ ವರ್ಷ ನೆಂಟರನ್ನೂ ಕರೆತರುತ್ತಾನೆ.

ಕಡಲ ದಡದಲ್ಲೇ ದೊಡ್ಡ ಹೋಟೆಲು ಎದ್ದರೆ ಎಲ್ಲಾ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ದಡದಲ್ಲಿ ಕಟ್ಟಡ ಎಬ್ಬಿಸಲು 1991ರಿಂದಲೇ ಕರಾವಳಿ ನಿಯಂತ್ರಣ ವಲಯದ ಕಾನೂನು ಅಡ್ಡ ಇದೆ. ಇರಬೇಕಾದದ್ದೇ. ಕಡಲು ಕೊರೆದರೆ ಹೋಟೆಲೂ ಇಲ್ಲ, ಹಡಗೂ ಇಲ್ಲ. ಊರೊಳಗಿರುವ ರೂಮುಗಳನ್ನೇ ಸರಿಮಾಡಿದರೆ ಅರ್ಧ ಸಮಸ್ಯೆ ತೀರುತ್ತದೆ.

ಮಾಡಬೇಕಾದದ್ದು ಇಷ್ಟೇ

ಕೋಟಿ ರೂಪಾಯಿ ಯೋಜನೆ ಬೇಡ. ಬಸ್ ನಿಲ್ದಾಣದಲ್ಲಿ ಮತ್ತು ಶಿರವಾಡ ರೈಲು ನಿಲ್ದಾಣದಲ್ಲಿ ಒಂದೊಂದು ದೊಡ್ಡ ಬೋರ್ಡು ಹಾಕಿ: ಹಡಗು ಎಷ್ಟು ಹೊತ್ತಿಗೆ ತೆರೆಯುತ್ತದೆ, ಯಾವ ವಾರ ರಜೆ, ರಿಪೇರಿಗೆ ಮುಚ್ಚಿದ್ದರೆ ಎಂದು ತೆರೆಯುತ್ತದೆ. ಬಾಗಿಲಿಗೆ ಬಂದ ಮೇಲೆ ಬೀಗ ನೋಡಿ ಮಕ್ಕಳು ಅಳಬಾರದು. ಅದೇ ಬೋರ್ಡಿನ ಕೆಳಗೆ ಊರಿನ ಲಾಡ್ಜು, ಹೋಂ ಸ್ಟೇಗಳ ಪಟ್ಟಿ, ದರ, ಫೋನು ನಂಬರು.

ಲಾಡ್ಜಿಗೆ ಪರವಾನಗಿ ನವೀಕರಿಸುವಾಗ ಗೋಡೆಯ ಮೇಲೆ ಕನ್ನಡದಲ್ಲಿ ದರಪಟ್ಟಿ ಇದೆಯೇ ಎಂದು ನಗರಸಭೆ ನೋಡಲಿ. ವರ್ಷಕ್ಕೊಮ್ಮೆ ಕಾಗದದಲ್ಲಿ ನೋಡಿದರೆ ಸಾಲದು, ಡಿಸೆಂಬರ್ ತಿಂಗಳ ಒಂದು ಶನಿವಾರ ಸಂಜೆ ಚೀಲ ಹಿಡಿದುಕೊಂಡು ಹೋಗಿ ರೂಮು ಕೇಳಿ ನೋಡಲಿ.

ಶಾಲಾ ಪ್ರವಾಸದ ಮಕ್ಕಳಿಗೆ, ಗುಂಪಿನಲ್ಲಿ ಬರುವ ಹೆಣ್ಣುಮಕ್ಕಳಿಗೆ ನಿಲ್ದಾಣದ ಹತ್ತಿರ ಒಂದು ಯಾತ್ರಿ ನಿವಾಸ ಬೇಕು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಹಾಲು, ಚೀಲ ಇಡಲು ಬೀಗದ ಪೆಟ್ಟಿಗೆ, ಸ್ವಚ್ಛ ಶೌಚಾಲಯ. ದೇವಸ್ಥಾನದ ಊರುಗಳಲ್ಲಿ ಛತ್ರ ಕಟ್ಟಿಸಿದ ಹಿರಿಯರ ಬುದ್ಧಿ ಹಡಗಿನ ಊರಿಗೆ ಯಾಕೆ ಬರಬಾರದು? ರೈಲಿನ ಹೊತ್ತಿಗೆ ಸರಿಯಾಗಿ ಶಿರವಾಡದಿಂದ ತೀರಕ್ಕೆ ಬಸ್ಸು ಓಡಲಿ. ಹಡಗಿನೊಳಗೆ ಕನ್ನಡದಲ್ಲೂ ಕೊಂಕಣಿಯಲ್ಲೂ ನಿಜ ಚರಿತ್ರೆ ಹೇಳಬಲ್ಲ ಇಬ್ಬರು ಸ್ಥಳೀಯ ಯುವಕರಿಗೆ ಕೆಲಸ ಸಿಗಲಿ.

ವಿಕ್ರಾಂತ್ ಪಾಠ

ಇಷ್ಟೆಲ್ಲ ಯಾಕೆ ಅಂದರೆ, ದಡಕ್ಕೆ ಬಂದ ಹಡಗು ತಾನಾಗಿ ಉಳಿಯುವುದಿಲ್ಲ. ಕಬ್ಬಿಣಕ್ಕೆ ಉಪ್ಪುಗಾಳಿ ನಿತ್ಯದ ವೈರಿ. 1971ರ ಯುದ್ಧದಲ್ಲಿ ಹೆಸರು ಮಾಡಿದ ಹಳೆಯ ವಿಕ್ರಾಂತ್ ಹಡಗು 1997ರಲ್ಲಿ ನಿವೃತ್ತಿಯಾಯಿತು. ಮುಂಬೈಯಲ್ಲಿ ಕೆಲವು ವರ್ಷ ವಸ್ತು ಸಂಗ್ರಹಾಲಯವಾಗಿತ್ತು. ಸಾಕುವ ಖರ್ಚು ಹೊರುವವರು ಸಿಗಲಿಲ್ಲ. 2012ರಲ್ಲಿ ಸುರಕ್ಷತೆಯ ಕಾರಣಕ್ಕೆ ಮುಚ್ಚಿತು. 2014ರಲ್ಲಿ ಗುಜರಿಗೆ ಹರಾಜಾಗಿ ತುಂಡುತುಂಡಾಯಿತು. ಅಷ್ಟು ದೊಡ್ಡ ಹೆಸರಿನ, ಅಷ್ಟು ದೊಡ್ಡ ನಗರದ ಹಡಗಿಗೇ ಆ ಗತಿ!

ಅತ್ತ ವಿಶಾಖಪಟ್ಟಣದಲ್ಲಿ ಕುರ್ಸುರಾ ಜಲಾಂತರ್ಗಾಮಿ 2002ರಿಂದ ದಡದಲ್ಲಿ ನಿಂತು ಜನರನ್ನು ಕರೆಯುತ್ತಲೇ ಇದೆ. ಅಲ್ಲಿಯೂ ಎದುರಿಗೆ ಇದೇ ಜಾತಿಯ ಟಿಯು-142 ವಿಮಾನ. ನೋಡಿದವರಿಗೆ ಉಳಿಯಲು ಊರು ತುಂಬ ಜಾಗ. ನೋಡುವವರು ಬರುತ್ತಿದ್ದರೆ ಟಿಕೆಟ್ ಹಣ ಬರುತ್ತದೆ, ಬಣ್ಣ ಬೀಳುತ್ತದೆ, ಹಡಗು ಉಳಿಯುತ್ತದೆ. ಮಲಗಲು ಜಾಗವಿಲ್ಲದೆ ಬೈದುಕೊಂಡು ಹೋದವನು ಮತ್ತೆ ಬರುವುದಿಲ್ಲ, ಬರುವವರನ್ನೂ ತಡೆಯುತ್ತಾನೆ. ಕಾರವಾರದ ಒಂದು ಒಗೆದ ಚಾದರಕ್ಕೂ ಚಪಲ್‌ನ ಆಯುಷ್ಯಕ್ಕೂ ಇರುವ ನಂಟು ಇದೇ.

ಜಿಲ್ಲಾಡಳಿತ, ಪ್ರವಾಸೋದ್ಯಮ ಇಲಾಖೆ, ಪುರಪಿತೃಗಳು, ಲಾಡ್ಜ್ ಮಾಲೀಕರು ಒಂದು ಸಂಜೆ ಹಡಗಿನ ನೆರಳಲ್ಲೇ ಕೂತು ಮಾತಾಡಿದರೆ ಮುಗಿಯುವ ಕೆಲಸ ಇದು. ಮುಂದಿನ ಶನಿವಾರವೂ ಹುಬ್ಬಳ್ಳಿ ಬಸ್ಸು ಬರುತ್ತದೆ. ಅದರಿಂದಲೂ ಒಬ್ಬರು ಅಜ್ಜಿ ಇಳಿಯುತ್ತಾರೆ. ಅವರು ಆ ರಾತ್ರಿ ಕಾರವಾರದಲ್ಲಿ ಕಾಲು ಚಾಚಿ ಮಲಗುತ್ತಾರೋ, ಘಟ್ಟದ ಬಸ್ಸಿನಲ್ಲಿ ತೂಕಡಿಸುತ್ತಾರೋ? ಸಂಬಂಧಪಟ್ಟವರು ಗಮನಿಸುವರೇ?